ಉಪ್ಪಿನಕಾಯಿಗಳ ಊರಿಗೆ ಹೋದ ಹಲ್ಡಾ

ಬೇಸ್‌ಬಾಲ್ ಚೆಂಡಾಟದವರಿಗೆ ಮನೆ ಬಾಡಿಗೆಗೆ ಕೊಡಬೇಡ ಎಂದು ನನ್ನ ಗಂಡ ಸಾಯುವಾಗಲೂ ಹೇಳಿಯೇ ಸತ್ತ. ಮೊಳೆ ಹೊಡೆದ ಜೋಡು ಹಾಕಿಕೊಂಡೇ ಮೆಟ್ಟಿಲು ಹತ್ತುತ್ತಾರೆ, ಹೊಗೆಸೊಪ್ಪು ಜಗಿದು ಕಂಡಲ್ಲಿ ಉಗುಳುತ್ತಾರೆ, ಸೋತ ದಿನ ಊಟ ಬೇಡ ಎನ್ನುತ್ತಾರೆ, ಗೆದ್ದ ದಿನ ಇಬ್ಬರ ಊಟ ಒಬ್ಬನೇ ತಿನ್ನುತ್ತಾನೆ. ಎಲ್ಲಾ ನಿಜವೇ. ಆದರೆ ಮಹಡಿಯ ಮೇಲೆ ಖಾಲಿ ಕೋಣೆಗಳನ್ನಿಟ್ಟುಕೊಂಡು ವಿಧವೆ ಏನು ಮಾಡಬೇಕು? ಮಿಸೆಸ್ ರುಪ್ಕೆಯ ಮನೆಯಲ್ಲಿ ಹಾಸಿಗೆ ಶುಚಿ, ಬಾಯಿ ಮಾತ್ರ ಖಾರ ಎಂದು ನದಿಯುದ್ದಕ್ಕೂ ಹೆಸರಾಗಿತ್ತು. ಬೇಸಿಗೆ ಬಂತೆಂದರೆ ಆಟಗಾರರು ನನ್ನ ಬಾಗಿಲಿಗೇ ಬರುತ್ತಿದ್ದರು.

ನಮ್ಮ ಡ್ರೂರಿಯ ತಂಡಕ್ಕೆ ಆಗ ‘ಗುಂಡಿ ಕೊರೆಯುವವರು’ ಎಂದು ಹೆಸರು. ಮಿಸಿಸಿಪಿಯ ತಳದಿಂದ ಕಪ್ಪೆಚಿಪ್ಪು ಎತ್ತಿ ತಂದು ಅಂಗಿಯ ಗುಂಡಿ ಕೊರೆಯುವುದೇ ಊರಿನ ಕಸುಬಾಗಿತ್ತು. ಬೀದಿಗೆಲ್ಲ ಚಿಪ್ಪಿನ ಚೂರನ್ನೇ ಹಾಸಿದ್ದರು. ತಂಡದ ಹೆಸರನ್ನು ತಂಡದವರೇ ಇಟ್ಟುಕೊಳ್ಳುವುದು ಎಲ್ಲಾದರೂ ಉಂಟೇ? ಇಡುವವನು ಪತ್ರಿಕೆಯವನು. ಬೆಳಗಿನ ಕಾಫಿ ಅವನಿಗೆ ಹಿಡಿಸಿದರೆ ಒಂದು ಹೆಸರು, ಹಿಡಿಸದಿದ್ದರೆ ಇನ್ನೊಂದು. ಅದರ ಹಿಂದಿನ ವರ್ಷ ನಾವು ‘ಬೆಕ್ಕುಮೀನುಗಳು’ ಆಗಿದ್ದೆವು. ಹೊರಗಿನ ತಂಡ ಬಂದ ದಿನ ಅವರ ಕಡೆಯ ಜನ ಬೆಂಚು ಹತ್ತಿ, “ಗುಂಡಿ ಹಾಕ್ಕೊಳ್ರೋ, ಊರಿನ ಮಾನ ಹೋಗ್ತಿದೆ!” ಎಂದು ಕೂಗುತ್ತಿದ್ದರು. ನಾವೇನು ಸುಮ್ಮನಿರುತ್ತಿದ್ದೆವೇ? ‘ಈರುಳ್ಳಿ ಕೀಳುವವರು’ ಬಂದರೆ ಇಡೀ ಮೈದಾನ ಕರವಸ್ತ್ರ ತೆಗೆದು ಕಣ್ಣೊರೆಸಿಕೊಳ್ಳುತ್ತಿತ್ತು.

ಸಾವಿರದ ಒಂಬೈನೂರ ಎಂಟರ ವಸಂತದಲ್ಲಿ ರೂಫಸ್ ಡಾಗೆಟ್ ಮತ್ತು ಅವನ ಹೆಂಡತಿ ಹಲ್ಡಾ ಒಂದು ಹಳೆಯ ಟ್ರಂಕು ಎತ್ತಿಕೊಂಡು ಬಂದರು. ರೂಫಸ್‌ನದು ದಾಂಡಿಗನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವ ಕೆಲಸ. ಬೆರಳೆಲ್ಲ ಮುರಿದು ಸೇರಿ ಶುಂಠಿಯ ಹಾಗೆ ಸೊಟ್ಟಗಾಗಿದ್ದವು. ಮೈದಾನದಲ್ಲಿ ಅಷ್ಟು ಹೊತ್ತು ಕೂರುವ ಮನುಷ್ಯ ಮನೆಯಲ್ಲಿ ಒಂದು ಗಳಿಗೆ ಕೂತವನಲ್ಲ. ಊಟದ ಮೇಜಿನಡಿ ಕಾಲು ಅಲ್ಲಾಡಿಸುತ್ತಲೇ ಇದ್ದು ಸಾರೆಲ್ಲ ತುಳುಕುತ್ತಿತ್ತು. ರೈಲು ಕೂಗಿದರೆ ಸಾಕು, ಬಾಯಲ್ಲಿ ತುತ್ತಿದ್ದರೂ ಎದ್ದು ಕಿಟಕಿಗೆ ಹೋಗುತ್ತಿದ್ದ.

“ಏನಪ್ಪಾ ರೂಫಸ್, ಆ ರೈಲಲ್ಲಿ ನಿಮ್ಮಪ್ಪ ಬರ್ತಾನಾ?” ಎಂದು ಕೇಳುತ್ತಿದ್ದೆ.

“ಇಲ್ಲಮ್ಮಾ, ಎಲ್ಲಿಗೆ ಹೋಗುತ್ತೆ ಅಂತ ನೋಡ್ದೆ.”

“ಎಲ್ಲಿಗೋ ಹೋಗ್ಲಿ ಬಿಡೋ, ಆಲೂಗಡ್ಡೆ ತಣ್ಣಗಾಗುತ್ತೆ.”

ಹಲ್ಡಾ ಸ್ವೀಡನ್ನಿನವರ ಮಗಳು, ಉದ್ದನೆಯ ಹೆಂಗಸು. ತಲೆತುಂಬ ಜೋಳದ ರೇಷ್ಮೆಯಂಥ ಕೂದಲು, ಅದನ್ನು ಎತ್ತಿ ಕಟ್ಟಲು ಹಿಡಿತುಂಬ ಹೇರ್‌ಪಿನ್ನು ಬೇಕು. ಮಾತು ಕಡಿಮೆ. ಬಂದು ಎಷ್ಟೋ ವಾರವಾದರೂ ಟ್ರಂಕಿನಿಂದ ಬಟ್ಟೆ ತೆಗೆದು ಬೀರುವಿನಲ್ಲಿಡಲಿಲ್ಲ. ನನಗೆ ರೇಗಿತು. “ಬೀರುವಿನಲ್ಲಿ ಇಲಿ ಇದೆ ಅಂದ್ಕೊಂಡ್ಯೇನೇ?” ಎಂದು ಕೇಳಿದರೆ, “ತೆಗೆದಿಟ್ರೆ ಮತ್ತೆ ತುಂಬ್ಬೇಕಲ್ಲ ಅಮ್ಮಾ” ಎಂದಳು.

ಸೋಮವಾರ ಬಟ್ಟೆ ಒಗೆಯುವಾಗ ಅವಳು ಗಂಡನ ಹಳೆಯ ಆಟದಂಗಿ ಹಾಕಿಕೊಳ್ಳುತ್ತಿದ್ದಳು. ನಡುಬೇಸಿಗೆಯಲ್ಲೇ ತಂಡಗಳು ಮುರಿದು ಬೀಳುವುದು ಆಗ ಮಾಮೂಲು; ಮುರಿದಾಗ ಆಟಗಾರನಿಗೆ ಉಳಿಯುವುದು ಮೈಮೇಲಿನ ಅಂಗಿಯೊಂದೇ. ಒಂದು ವಾರ ಎದೆಯ ಮೇಲೆ ‘ಹೇಸರಗತ್ತೆಗಳು’, ಮುಂದಿನ ವಾರ ‘ಶವಪೆಟ್ಟಿಗೆಯವರು’. ಹಗ್ಗದ ಮೇಲೆ ಆ ಅಂಗಿ ಒಣಗುವುದನ್ನು ಕಂಡು ನಮ್ಮ ಪಾದ್ರಿ ಒಮ್ಮೆ ಹ್ಯಾಟು ತೆಗೆದು ನಿಂತೇಬಿಟ್ಟರು.

ಅವಳಿಗೆ ಊರುಗಳ ಹೆಸರೇ ಬಾಯಿಗೆ ಬರುತ್ತಿರಲಿಲ್ಲ. “ನನ್ನ ಮದುವೆ ಆಗಿದ್ದು ಹೇಸರಗತ್ತೆಗಳಲ್ಲಿ. ಹಲ್ಲು ಕೀಳಿಸ್ಕೊಂಡಿದ್ದು ಶವಪೆಟ್ಟಿಗೆಯಲ್ಲಿ. ಈರುಳ್ಳಿಗಳಲ್ಲಿ ಒಂದು ಒಳ್ಳೇ ಒಲೆ ಇತ್ತು,” ಎನ್ನುತ್ತಿದ್ದಳು. ಸೇಬು ಸುಲಿಯುತ್ತ ಕೂತಿದ್ದ ನಾನು ನಕ್ಕು ನಕ್ಕು ಸುಸ್ತಾದೆ.

“ಆ ಹಸಿರು ಅಂಗಿ ಯಾವ್ದೇ? ಅದನ್ನ ಹಾಕೋದೇ ಇಲ್ವಲ್ಲ,” ಎಂದೆ. ಟ್ರಂಕಿನ ತಳದಲ್ಲಿ ಮಡಿಸಿಟ್ಟಿದ್ದನ್ನು ನೋಡಿದ್ದೆ.

“ಅದು ಉಪ್ಪಿನಕಾಯಿಗಳದ್ದು.”

ಹ್ಯಾಸ್ಕೆಟ್ ಎಂಬ ಊರಿನ ತಂಡ ಅದು. ಅಲ್ಲಿ ಸೌತೆಕಾಯಿಯನ್ನು ಉಪ್ಪುನೀರಿನ ಪೀಪಾಯಿಗಳಲ್ಲಿ ಊರಿಡುವ ದೊಡ್ಡ ಕಾರ್ಖಾನೆಯಿದೆ. ನನಗೆ ಇನ್ನೂ ನಗು ನಿಂತಿರಲಿಲ್ಲ. “ಉಪ್ಪಿನಕಾಯಿಗಳಲ್ಲಿ ಏನು ಮಾಡ್ಕೊಂಡ್ರಿ?” ಎಂದು ಕೇಳಿಬಿಟ್ಟೆ.

“ಅಲ್ಲಿ ನಮ್ಮ ಹುಡುಗ ಇದ್ದಾನೆ.”

“ಹುಡುಗನಾ? ಯಾರ ಹತ್ರ ಬಿಟ್ಟಿದ್ದೀಯೇ?”

“ಮಣ್ಣಲ್ಲಿ ಅಮ್ಮಾ. ಗಂಟಲಮಾರಿ. ಇನ್ನೂ ಕೂತ್ಕೊಳ್ಳೋಕೂ ಬರ್ತಿರ್ಲಿಲ್ಲ. ಅವನನ್ನ ಇಟ್ಟ ವಾರದಲ್ಲೇ ತಂಡ ಮುರೀತು. ರೈಲು ಹತ್ತಿದ್ವಿ. ಒಂದು ಕಲ್ಲೂ ಇಡ್ಲಿಲ್ಲ.” ಅವಳು ಸೇಬಿನ ಸಿಪ್ಪೆ ಬಿಡಿಸುತ್ತಲೇ ಇದ್ದಳು, ತಲೆಯೆತ್ತಲಿಲ್ಲ. “ಯಾರಿಗಾದ್ರೂ ಹೇಳೋಕೆ ಹೋದ್ರೆ ಹೆಸರು ಕೇಳಿ ನಗ್ತಾರೆ. ಅದಕ್ಕೇ ಹೇಳೋದು ಬಿಟ್ಟೆ.”

ನಾನೂ ನಕ್ಕಿದ್ದೆ. ಎದ್ದು ಹೋಗಿ ಒಲೆಗೆ ಬೇಕಿಲ್ಲದ ಸೌದೆ ತುಂಬಿದೆ.

ಮಾರನೇ ದಿನ ಗುಡ್ಡದ ಮೇಲಿನ ನನ್ನ ತಮ್ಮನ ತೋಟದಿಂದ ಒಂದು ದ್ರಾಕ್ಷಿಬಳ್ಳಿ ತರಿಸಿ ಅವಳ ಕೈಗಿಟ್ಟೆ. “ಹಿತ್ತಲಲ್ಲಿ ನೆಡು. ಏನಾದ್ರೂ ನೆಟ್ಟ ಊರಲ್ಲಿ ಮನುಷ್ಯ ನಿಲ್ತಾನೆ,” ಎಂದೆ.

“ಹಣ್ಣು ಯಾವಾಗ ಬಿಡುತ್ತೆ?”

“ಮೂರನೇ ಬೇಸಿಗೆಗೆ.”

ಅವಳು ಅದನ್ನು ಯಾವುದೋ ದೂರದ ದೇಶದ ಸುದ್ದಿಯೆಂಬಂತೆ ಕೇಳಿಸಿಕೊಂಡಳು. ಒಂದೂರಿನಲ್ಲಿ ಎರಡನೇ ಬೇಸಿಗೆಯನ್ನೇ ಕಂಡವಳಲ್ಲ. ಆದರೂ ನೆಟ್ಟಳು. ಅವತ್ತೇ ಟ್ರಂಕು ಖಾಲಿ ಮಾಡಿ ಬಟ್ಟೆಯನ್ನೆಲ್ಲ ಬೀರುವಿಗೆ ಸೇರಿಸಿದಳು. “ಈ ದ್ರಾಕ್ಷಿ ತಿಂದೇ ಹೋಗೋದು ಅಮ್ಮಾ. ಅವರು ಎಷ್ಟೇ ಕುಣೀಲಿ,” ಎಂದಳು. ಆಗ ಅವಳ ದನಿಯಲ್ಲಿ ಮೊದಲ ಬಾರಿಗೆ ಹಠ ಕೇಳಿದೆ. ನನಗೆ ಖುಷಿಯಾಯಿತು.

ಆದರೆ ಊರಲ್ಲಿ ನಿಲ್ಲಬೇಕಾದರೆ ರೂಫಸ್ ಹೊಡೆಯಬೇಕು. ದಾಂಡು ಹಿಡಿದು ಹೊಡೆಯದವನನ್ನು ಯಾವ ತಂಡವೂ ಇಟ್ಟುಕೊಳ್ಳುವುದಿಲ್ಲ. ಅವನೋ ಒಂದು ವಾರ ಸಿಂಹ, ಎರಡು ವಾರ ಕುರಿ. ತಂಡದ ಯಜಮಾನಿಕೆ ಪ್ಯಾಟ್ಸಿ ಕಿಲ್ಡಫ್‌ನದು. ದಪ್ಪ ಮೀಸೆಯ ಐರಿಷ್ ಮನುಷ್ಯ, ಭಾನುವಾರದ ಕೋಳಿ ಊಟಕ್ಕೆ ನನ್ನ ಮನೆಗೇ ಬರುತ್ತಿದ್ದ. ಕೋಳಿಯ ಕಾಲು ಜಗಿಯುತ್ತ, “ಡಾಗೆಟ್, ನಿನ್ನ ದಾಂಡಲ್ಲಿ ತೂತು ಇದೆಯೇನೋ?” ಎಂದು ಕಿಚಾಯಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು, ಹಲ್ಡಾಳ ಕಣ್ಣು ಮಾತ್ರ ಅವನ ಬಾಯಿಯ ಮೇಲೇ ಇರುತ್ತಿತ್ತು.

ನಾನು ದಿನಾ ಬೆಳಿಗ್ಗೆ ಗೇಟಿನ ಮುಂದಿನ ದಾರಿ ಗುಡಿಸುತ್ತೇನೆ. ಚಿಪ್ಪಿನ ಪುಡಿ ಮನೆಯೊಳಗೆ ಬಂದರೆ ನನಗೆ ತಲೆ ಕೆಡುತ್ತದೆ. ಆ ಜುಲೈಯಲ್ಲಿ ಪೊರಕೆಗೆ ದಿನಾ ಒಂದು ಹೇರ್‌ಪಿನ್ನು ಸಿಗತೊಡಗಿತು. ನಾನು ಬೂದಿಯ ತೊಟ್ಟಿಗೆ ಎಸೆಯುತ್ತಿದ್ದೆ. ಒಂದು ದಿನ ಕೆಟ್ಟ ಸಿಟ್ಟು ಬಂತು. “ಯಾವಳೇ ಅವಳು, ತಲೆ ಇದೆಯೋ ಸೋರೋ ಬುಟ್ಟಿಯೋ?” ಎಂದು ಬೀದಿಗೆ ಕೇಳುವ ಹಾಗೆ ಕೂಗಿದೆ. ಹಲ್ಡಾ ಅಡುಗೆಮನೆಯಿಂದ ಓಡಿ ಬಂದು ನನ್ನ ಪೊರಕೆ ಹಿಡಿದುಕೊಂಡಳು.

“ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ, ಗುಡಿಸ್ಬೇಡಿ! ಅದಕ್ಕೇ ಅವರು ಹೊಡೀತಿಲ್ಲ!”

ಚೆಂಡಾಟದವರಷ್ಟು ಮೂಢನಂಬಿಕೆಯ ಜನ ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ಖಾಲಿ ಪೀಪಾಯಿ ತುಂಬಿದ ಗಾಡಿ ಎದುರಾದರೆ ಒಳ್ಳೆಯದು. ಕೋಸುಗಣ್ಣಿನ ಹೆಂಗಸು ಆಟಕ್ಕೆ ಬಂದರೆ ಕೆಟ್ಟದ್ದು. ಎಲ್ಲಕ್ಕಿಂತ ದೊಡ್ಡದು ಹೇರ್‌ಪಿನ್ನು: ದಾರಿಯಲ್ಲಿ ಸಿಕ್ಕ ದಿನ ಒಂದು ಒಳ್ಳೆಯ ಹೊಡೆತ ಖಂಡಿತ. ಹುಡುಕಿಕೊಂಡು ಹೋಗಬಾರದು, ತಾನಾಗಿ ಸಿಗಬೇಕು. ತನ್ನ ಮನೆಯವಳದ್ದಾದರಂತೂ ಫಲವೇ ಇಲ್ಲ. ರೂಫಸ್ ಇದನ್ನು ಬೈಬಲ್ಲಿನಷ್ಟು ನಂಬಿದ್ದ. ಇವಳು ಗಂಡನಿಗೆ ಗೊತ್ತಾಗದಂತೆ ತನ್ನ ತಲೆಯಿಂದಲೇ ಒಂದೊಂದು ಕಿತ್ತು ಗೇಟಿನಾಚೆ ಬೀಳಿಸುತ್ತಿದ್ದಳು. ನಾನು ಹಿಂದಿನಿಂದ ಗುಡಿಸಿ ಬೂದಿಗೆ ಹಾಕುತ್ತಿದ್ದೆ!

“ಮನೆಯವಳದ್ದಾದ್ರೆ ಆಗಲ್ಲ ಅಂತಾರಲ್ಲೇ?”

“ಅವರಿಗೆ ಗೊತ್ತಾದ್ರೆ ತಾನೇ? ಊರಿನ ಹೆಂಗಸರೆಲ್ಲ ಒಂದೇ ಅಂಗಡೀಲಿ ತಾನೇ ಪಿನ್ನು ತಗೊಳ್ಳೋದು.”

ಶುದ್ಧ ಹುಚ್ಚು ಎಂದೆ. ಆದರೂ ಮಾರನೇ ದಿನದಿಂದ ರೂಫಸ್ ಹೊರಟ ಮೇಲೆಯೇ ಗುಡಿಸಲು ಶುರುಮಾಡಿದೆ. ಕಿಟಕಿಯ ಪರದೆಯ ಹಿಂದೆ ನಾವಿಬ್ಬರೂ ನಿಂತು ನೋಡುತ್ತಿದ್ದೆವು. ಅವನು ಎಲ್ಲಿಗೋ ಹೊತ್ತಾದವನ ಹಾಗೆ ಹೊರಡುತ್ತಿದ್ದ. ಪಿನ್ನು ಕಂಡೊಡನೆ ಗಕ್ಕನೆ ನಿಂತು, ಸುತ್ತ ನೋಡಿ, ಬಗ್ಗಿ ಎತ್ತಿ, ಸೊಂಟದ ಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಆಮೇಲೆ ಆ ಬೆನ್ನೇ ಬೇರೆ. ಸಿಳ್ಳು ಹಾಕುತ್ತ ಹೋಗುತ್ತಿದ್ದ. ನಂಬಿ ಬಿಡಿ, ಹೊಡೆಯುತ್ತಲೂ ಇದ್ದ! ಆ ವರ್ಷ ಉಳಿದುಕೊಂಡ. ಚಳಿಗಾಲಕ್ಕೆ ಕಾರ್ಖಾನೆಯಲ್ಲಿ ಚಿಪ್ಪು ಹೊರುವ ಕೆಲಸವೂ ಸಿಕ್ಕಿತು. ದ್ರಾಕ್ಷಿಬಳ್ಳಿ ಚಪ್ಪರದ ಅರ್ಧದವರೆಗೆ ಹಬ್ಬಿತು.

ಎರಡನೇ ಬೇಸಿಗೆ ಅಷ್ಟು ಸುಲಭವಾಗಲಿಲ್ಲ. ರೂಫಸ್‌ನ ಮೊಣಕಾಲು ಕೈಕೊಟ್ಟಿತು. ಪಿನ್ನು ಸಿಕ್ಕ ದಿನ ಹೇಗೋ ಹೊಡೆಯುತ್ತಿದ್ದ. ಮಳೆಯಲ್ಲಿ ಕೊಚ್ಚಿಹೋಗಿ ಸಿಗದ ದಿನ ಮಂಕು ಬಡಿದವನಂತೆ ದಾಂಡು ಬೀಸಿ ಬರುತ್ತಿದ್ದ. ಕಾಲಿಗೆ ಚಕ್ರ ಕಟ್ಟಿಕೊಂಡವನು, ಊರು ಹಳತಾಯಿತೆಂದು ಚಡಪಡಿಸುತ್ತಿದ್ದ. ಎರಡು ವರ್ಷ ಒಂದೇ ಕಿಟಕಿಯಿಂದ ರೈಲು ನೋಡಿದ್ದು ಅವನಿಗೆ ಜೈಲು. ಹಲ್ಡಾಳೂ ಸಣ್ಣಗಾದಳು. ದಿನಾ ಹಿತ್ತಲಿಗೆ ಹೋಗಿ ಬಳ್ಳಿ ಮುಟ್ಟಿ ಬರುವಳು, “ಮುಂದಿನ ವರ್ಷ, ಮುಂದಿನ ವರ್ಷ” ಎನ್ನುವಳು.

ಸೆಪ್ಟೆಂಬರಿನ ಕೊನೆಯ ಆಟ ಸೋಮವಾರ. ಹಿಂದಿನ ದಿನ ಕಿಲ್ಡಫ್ ಕೋಳಿ ಊಟಕ್ಕೆ ಬಂದ. ಮೀಸೆ ಒರೆಸಿಕೊಂಡು, “ಸುದ್ದಿ ಕೇಳಿದ್ರಾ? ಮುಂದಿನ ವರ್ಷ ಉಪ್ಪಿನಕಾಯಿಗಳು ಲೀಗಿಗೆ ವಾಪಸ್ ಬರ್ತಿದ್ದಾರೆ,” ಎಂದ. ಆಮೇಲೆ ರೂಫಸ್‌ನ ಕಡೆ ತಿರುಗಿ, “ಅವರಿಗೊಬ್ಬ ಹಳೇ ಹುಲಿ ಬೇಕಂತೆ. ನಿನ್ನ ಬಗ್ಗೆ ಕೇಳಿದ್ರು. ನಾನು ಹೇಳ್ದೆ, ನಾಳೆ ಡಾಗೆಟ್ ಒಂದಾದ್ರೂ ಒಳ್ಳೇ ಏಟು ಹೊಡೆದ್ರೆ ನಮ್ಮವನು. ಇಲ್ದಿದ್ರೆ ತಗೊಂಡ್ಹೋಗಿ ಜಾಡಿಗೆ ಹಾಕ್ಕೊಳ್ಳಿ ಅಂತ!”

ಮೇಜೆಲ್ಲ ನಕ್ಕಿತು. ಮೇಜಿನಡಿ ರೂಫಸ್‌ನ ಕಾಲು ನಿಂತುಹೋಯಿತು. ಅವನು ಹೆಂಡತಿಯ ಕಡೆ ನೋಡಲಿಲ್ಲ. ಹಲ್ಡಾ ಎದ್ದು ತಟ್ಟೆಗಳನ್ನು ತೆಗೆಯತೊಡಗಿದಳು, ಇನ್ನೂ ಉಣ್ಣುತ್ತಿದ್ದವರ ತಟ್ಟೆಯನ್ನೂ.

ಬೆಳಿಗ್ಗೆ ನಾನು ಪೊರಕೆ ಮುಟ್ಟಲಿಲ್ಲ. ಹಲ್ಡಾ ಗೇಟಿನ ಹತ್ತಿರ ನಿಂತಿದ್ದಳು. ತಲೆಯ ಒಂದು ಪಕ್ಕದ ಕೂದಲು ಇಳಿಬಿದ್ದಿತ್ತು, ಪಿನ್ನು ಕೈಯಲ್ಲಿತ್ತು.

“ಬೇಗ ಹಾಕೇ, ಅವನು ಇಳಿದು ಬರ್ತಾನೆ,” ಎಂದೆ.

“ಹಾಕಿದ್ರೆ ಹೊಡೀತಾರೆ ಅಮ್ಮಾ.”

“ಹೊಡೀಲಿ ಅಂತ ತಾನೇ ಹಾಕೋದು?”

“ಹೊಡೆದ್ರೆ ಇಲ್ಲೇ ಇರ್ತೀವಿ.”

ಆಗ ನನಗೆ ಅವಳ ಲೆಕ್ಕ ತಿಳಿಯಿತು. “ಮತ್ತೆ ದ್ರಾಕ್ಷಿ? ಇನ್ನೊಂದೇ ವರ್ಷ ಕಣೇ! ಎರಡು ವರ್ಷ ನೀರು ಹೊತ್ತಿದ್ದು ಯಾಕೆ?”

“ದ್ರಾಕ್ಷೀನ ನೀವು ನೋಡ್ಕೋತೀರಿ. ನಮ್ಮ ಹುಡುಗನ್ನ ನೋಡೋಕೆ ಅಲ್ಲಿ ಯಾರೂ ಇಲ್ಲ.”

ನಾನು ಸಿಟ್ಟಾದೆ. ಹೌದು, ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ಮಕ್ಕಳಿಲ್ಲದ ನನ್ನ ಅಡುಗೆಮನೆಯಲ್ಲಿ ಎರಡು ಬೇಸಿಗೆ ಕೂತು ಸೇಬು ಸುಲಿದವಳು ಇವಳು. ಇವಳಿಲ್ಲದೆ ಆ ಮನೆ ಹೇಗಿರುತ್ತದೆ ಎಂಬುದು ನನಗೆ ಗೊತ್ತಿತ್ತು. “ಬರೀ ಒಂದು ತಂತಿ ಚೂರು ಅದು! ಅದಕ್ಕೂ ಹೊಡೆತಕ್ಕೂ ಏನೇ ಸಂಬಂಧ, ಪೆದ್ದಿ!” ಎಂದು ಗದರಿದೆ.

“ಹಾಗಾದ್ರೆ ನೀವೇ ಹಾಕಿ,” ಎಂದು ಅವಳು ಪಿನ್ನನ್ನು ನನ್ನ ಮುಂದೆ ಹಿಡಿದಳು. ಅಣಕಿಸುತ್ತಿರಲಿಲ್ಲ. ನಾನು ಹಾಕಲಿ ಎಂದೇ ಕೇಳಿದಳು ಅನ್ನಿಸುತ್ತದೆ. ನನ್ನ ಕೈ ಮುಂದೆ ಹೋಗಲಿಲ್ಲ. ಅವಳು ಇಳಿಬಿದ್ದ ಕೂದಲನ್ನು ಎತ್ತಿ, ತಿರುಚಿ, ಆ ಪಿನ್ನು ಸಿಕ್ಕಿಸಿಕೊಂಡು ಒಳಗೆ ಹೋದಳು.

ರೂಫಸ್ ಗೇಟು ದಾಟಿ ನೆಲ ನೋಡುತ್ತ ಮೂಲೆಯವರೆಗೆ ಹೋದ. ನಿಂತ. ಮತ್ತೆ ಗೇಟಿನವರೆಗೆ ಬಂದ, ಏನೋ ಮರೆತವನ ಹಾಗೆ ಜೇಬು ತಡವಿಕೊಂಡ, ಮತ್ತೆ ನೆಲ ನೋಡುತ್ತ ಹೋದ. ಪರದೆಯ ಹಿಂದೆ ನನ್ನ ಪಕ್ಕದಲ್ಲಿ ಹಲ್ಡಾ ಏಪ್ರನ್ನಿನ ಅಂಚನ್ನು ಕಚ್ಚಿಕೊಂಡು ನಿಂತಿದ್ದಳು. ಅವನನ್ನು ಹಾಗೆ ನೋಡುವುದು ನನಗಂತೂ ಆಗಲಿಲ್ಲ.

ಅವತ್ತು ಅವನ ದಾಂಡಿಗೆ ಚೆಂಡು ತಾಗಲೇ ಇಲ್ಲ. ಸಂಜೆ ಕಿಲ್ಡಫ್ ಹ್ಯಾಟು ಕೈಯಲ್ಲಿ ಹಿಡಿದು ಬಂದ, ಕೋಳಿ ಕೇಳಲಿಲ್ಲ. ಹಲ್ಡಾ ಟ್ರಂಕು ತುಂಬುವಾಗ ನಾನು ಸಹಾಯಕ್ಕೆ ಹೋಗಲಿಲ್ಲ, ಒಲೆಯ ಹತ್ತಿರ ಬೆನ್ನು ಹಾಕಿ ನಿಂತಿದ್ದೆ. ಹೊರಡುವ ಮುಂಚೆ ಅವಳು ಬಳ್ಳಿಯ ಒಂದು ಕಡ್ಡಿ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡಳು. ಮೈಮೇಲೆ ಆ ಹಸಿರು ಅಂಗಿ ಇತ್ತು. “ಹೋಗ್ಬರ್ತೀನಿ ಅಮ್ಮಾ” ಎಂದಾಗ, “ಹೂಂ, ಹೋಗು” ಎಂದೆ, ಅಷ್ಟೇ. ರೈಲು ಕೂಗಿದ ಮೇಲೆ ಕೂತು ಅತ್ತೆ.

ಮುಂದಿನ ವರ್ಷ ನಮ್ಮ ಪತ್ರಿಕೆಯವನು ತಂಡಕ್ಕೆ ‘ಮುತ್ತುಗಳು’ ಎಂದು ಹೆಸರು ಬದಲಿಸಿದ. ಗುಂಡಿ ಕೊರೆದ ಕೈಗೆ ಮುತ್ತಂತೆ! ಆಗಸ್ಟಿನಲ್ಲಿ ಬಳ್ಳಿ ಚಪ್ಪರ ಮುಚ್ಚಿ ಕಪ್ಪು ಗೊಂಚಲು ಇಳಿಬಿಟ್ಟಿತು. ನಾನು ಒಂದು ಹಣ್ಣನ್ನೂ ಮುಟ್ಟಿರಲಿಲ್ಲ. ಆ ವಾರವೇ ಉಪ್ಪಿನಕಾಯಿಗಳು ನಮ್ಮೂರಿಗೆ ಆಡಲು ಬಂದರು. ಬೆಳಿಗ್ಗೆ ಪೊರಕೆ ಹಿಡಿದು ನಿಂತಿದ್ದೆ, ಗೇಟಿನ ಹತ್ತಿರ ಹಸಿರು ಅಂಗಿ ಕಾಣಿಸಿತು. ರೂಫಸ್. ಕುಂಟುತ್ತಿದ್ದ.

“ಹಲ್ಡಾ ದ್ರಾಕ್ಷಿ ನೋಡ್ಕೊಂಡು ಬಾ ಅಂದ್ಲು ಅಮ್ಮಾ.”

ಒಳಗೆ ಕರೆದು ಕಾಫಿ ಕೊಟ್ಟೆ. ಕೂರಲಿಲ್ಲ, ನಿಂತೇ ಕುಡಿದ. ಸ್ಮಶಾನದ ಬೇಲಿಯ ಪಕ್ಕ ಮಗುವನ್ನಿಟ್ಟ ಜಾಗ ಹಲ್ಡಾಗೆ ಸಿಕ್ಕಿದೆಯಂತೆ. ಹೊಳೆಯಿಂದ ಒಂದು ಕಲ್ಲು ತಾನೇ ಹೊತ್ತು ತಂದು ಇಟ್ಟಿದ್ದಾಳಂತೆ. ದ್ರಾಕ್ಷಿಕಡ್ಡಿ ಅಲ್ಲೇ ಚಿಗುರಿದೆಯಂತೆ. ದಿನಾ ಸಂಜೆ ಹೋಗುತ್ತಾಳಂತೆ.

“ನೀನು?”

“ಇವತ್ತು ನೋಡ್ಬೇಕು. ಈ ವಾರ ಹೊಡೀದಿದ್ರೆ ಬಿಡಿಸ್ತಾರೆ. ಕಾನ್ಸಸ್ ಕಡೆ ಒಂದು ತಂಡ ಕರೀತಿದೆ. ‘ಮಿಡತೆಗಳು’ ಅಂತ.” ನಗಲು ನೋಡಿದ, ಆಗಲಿಲ್ಲ. “ಹಲ್ಡಾ ಈ ಸಲ ಬರಲ್ಲ ಅಂದ್ಲು. ಅವನನ್ನ ಬಿಟ್ಟು ಇನ್ನೊಂದ್ಸಲ ರೈಲು ಹತ್ತಲ್ಲ, ನೀವು ಬೇಕಾದ್ರೆ ಹೋಗಿ ಅಂದ್ಲು. ನಾನು ಆಟ ಬಿಟ್ಟು ಏನಮ್ಮಾ ಮಾಡ್ಲಿ? ನನಗೆ ಕೂರೋಕೆ ಬರಲ್ಲ. ಅವಳನ್ನ ಬಿಟ್ಟಿರೋಕೂ ಬರಲ್ಲ.”

ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಬುಟ್ಟಿ ತುಂಬ ದ್ರಾಕ್ಷಿ ಕಿತ್ತುಕೊಟ್ಟು, “ದಾರೀಲಿ ತಿಂದ್ಯೋ, ಕೈ ಮುರೀತೀನಿ. ಎಲ್ಲಾ ಅವಳಿಗೆ,” ಎಂದೆ.

“ಒಂದು ಮಾತು ಅಮ್ಮಾ,” ಎಂದ ಅವನು. “ನಿಮ್ಮೂರ ಹೆಂಗಸರ ತಲೇಲಿ ಪಿನ್ನು ನಿಲ್ತಾನೇ ಇರ್ಲಿಲ್ಲ. ಎರಡು ವರ್ಷ ದಿನಾ ಸಿಗ್ತಿತ್ತು. ಉಪ್ಪಿನಕಾಯಿಗಳಲ್ಲಿ ಮೊನ್ನೆ ಮೊನ್ನೆವರೆಗೂ ಸಿಗ್ತಿತ್ತು, ಈ ತಿಂಗಳು ಒಂದೂ ಇಲ್ಲ.”

ಗಂಡ ಹೆಂಡತಿ ಜಗಳವಾಡಿದ್ದಾರೆ, ಇವಳು ಹಾಕುವುದು ನಿಲ್ಲಿಸಿದ್ದಾಳೆ ಎಂದು ನನಗೆ ತಿಳಿಯಿತು. ಹಾಳು ಹಠಮಾರಿ! ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ. “ತಾಳು, ಬುಟ್ಟಿಗೆ ಮುಚ್ಚಳ ಇದೆ, ಒಳಗಿಂದ ತಗೋ,” ಎಂದು ಅವನನ್ನು ಅಡುಗೆಮನೆಗೆ ಕಳಿಸಿದೆ. ಗೇಟಿನಾಚೆ ಹೋಗಿ, ನನ್ನ ನರೆತ ತಲೆಯಿಂದ ದಪ್ಪನೆಯ ಒಂದು ಪಿನ್ನು ಕಿತ್ತು, ಆಗಷ್ಟೇ ಗುಡಿಸಿದ ದಾರಿಯ ನಡುವೆ ಬೀಳಿಸಿದೆ. ನಾನು ಅವನ ಮನೆಯವಳಲ್ಲವಲ್ಲ, ನಿಯಮಕ್ಕೇನೂ ಭಂಗವಿಲ್ಲ ಎಂದುಕೊಂಡೆ.

ಅವನು ಹೊರಟ. ನಾಲ್ಕು ಹೆಜ್ಜೆ ಹೋಗಿ ಗಕ್ಕನೆ ನಿಂತ. ಬಗ್ಗಿದ. ತಿರುಗಿ, “ನೋಡಿದ್ರಾ, ಡ್ರೂರಿಯ ಹೆಂಗಸರು!” ಎಂದು ಕೂಗಿದ. ನಾನು ನೋಡದವಳ ಹಾಗೆ ಗುಡಿಸುತ್ತಿದ್ದೆ.

ಮಧ್ಯಾಹ್ನ ಮೈದಾನಕ್ಕೆ ಹೋದೆ. ನಮ್ಮ ಪಾದ್ರಿಯ ಹೆಂಡತಿಯ ಪಕ್ಕದಲ್ಲೇ, ನಮ್ಮೂರಿನವರ ನಡುವೆಯೇ ಕೂತೆ. ಅವನ ಕೊನೆಯ ಸರದಿ ಬಂದಾಗ ನಮ್ಮ ಜನ ಮೂಗು ಹಿಡಿದುಕೊಂಡು “ಹುಳಿ ನಾತ! ಹುಳಿ ನಾತ!” ಎಂದು ಅಣಕಿಸುತ್ತಿದ್ದರು. ಅವನ ಸೊಂಟದ ಪಟ್ಟಿಯಲ್ಲಿ ನನ್ನ ಪಿನ್ನು ಬಿಸಿಲಿಗೆ ಮಿಂಚಿತು. ಅವನು ಹೊಡೆದ ಚೆಂಡು ನಮ್ಮವರ ತಲೆಯ ಮೇಲಿಂದ ಹಾರಿ ಬೇಲಿಗೆ ಬಡಿಯಿತು. ಕುಂಟುಗಾಲಲ್ಲಿ ಅವನು ಓಡುವುದನ್ನು ಕಂಡು ನಾನು ಎದ್ದು ನಿಂತೆ. ಪಾದ್ರಿಯ ಹೆಂಡತಿ ನನ್ನ ಸ್ಕರ್ಟು ಹಿಡಿದು ಎಳೆದಳು, “ಮಿಸೆಸ್ ರುಪ್ಕೆ, ಅವನು ನಮ್ಮವನಲ್ಲ!” ಎಂದಳು. ನನ್ನ ಕೂದಲು ಇಳಿಬಿದ್ದು ಮುಖದ ಮೇಲೆ ಬಂದಿತ್ತು, ಕಣ್ಣು ಕಾಣುತ್ತಿರಲಿಲ್ಲ. ಇಡೀ ಡ್ರೂರಿ ನನ್ನನ್ನೇ ನೋಡುತ್ತಿರಲು ನಾನು ಗಂಟಲು ಹರಿಯುವ ಹಾಗೆ ಕೂಗಿದೆ: “ಉಪ್ಪಿನಕಾಯಿ! ಉಪ್ಪಿನಕಾಯಿ!”